ಚಹದ ಜೊತೆಗಿನ ಗುಳಿಗೆ

ಹಿಟ್ನಾಳದ ನಮ್ಮ ಓಣಿಯ ಹೆಂಗಸರು ಭತ್ತದ ನಾಟಿಗೆ ಹೊರಟಾಗ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವಳು ಮೆಹಬೂಬಬೀ. ಊರಿನಲ್ಲಿ ಯಾರೂ ಆಕೆಯನ್ನು ಆ ಹೆಸರಿನಿಂದ ಕರೆಯುತ್ತಿರಲಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಆಕೆ ಬೂಬಮ್ಮ. ಎತ್ತರದ ಆಳು, ಗಟ್ಟಿ ದನಿ. ಗಂಡ ಜಿಲಾನಸಾಬ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಆಕೆ ಯಾರ ಬಾಗಿಲಿಗೂ ಹೋಗಿ ನಿಲ್ಲದೆ ನಾಟಿ ಹಚ್ಚುವ ಹೆಂಗಸರ ಒಂದು ಗುಂಪು ಕಟ್ಟಿದಳು. ಗಂಗಾವತಿ ಕಡೆಯ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳ ರೈತರು ಆಕೆಯ ಗುಂಪೇ ಬೇಕೆಂದು ಟ್ರ್ಯಾಕ್ಟರ್ ಕಳಿಸುತ್ತಿದ್ದರು. ಆಕೆ ಹಿಡಿದ ಹೊಲದಲ್ಲಿ ಸಸಿ ಓರೆಯಾಗಿ ನಿಲ್ಲುತ್ತಿರಲಿಲ್ಲ.

ಈ ಬರಹ ಆಕೆಯ ಕುರಿತು. ನನ್ನ ತಾಯಿ ಯಮನೂರಮ್ಮನ ಕುರಿತೂ ಹೌದು, ಯಾಕೆಂದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಕಥೆ ಹೇಳಲು ಬರುವುದಿಲ್ಲ. ಇದರಲ್ಲಿ ಮುಖ್ಯವಾದದ್ದೆಲ್ಲ ನಾನು ಹುಟ್ಟುವ ಮೊದಲೇ ನಡೆದಿತ್ತು. ಇಬ್ಬರೂ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು, ಒಬ್ಬರ ಮಾತನ್ನು ಇನ್ನೊಬ್ಬರು ಕಡಿದು, ತಿದ್ದಿ, ನಕ್ಕು ಹೇಳುತ್ತಿದ್ದುದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ.

ಅವ್ವ ಮದುವೆಯಾಗಿ ಹಿಟ್ನಾಳಕ್ಕೆ ಬಂದದ್ದು ಹನುಮಸಾಗರದಿಂದ. ಅದು ಒಣಬೇಸಾಯದ ಊರು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ದುಡಿಯುವುದನ್ನು ಆಕೆ ಕಂಡದ್ದೇ ಇಲ್ಲಿ. ಸಣ್ಣವಳಿದ್ದಾಗ ಕೀಲು ಬಾತು ಜ್ವರ ಬಂದು ವರ್ಷವೆಲ್ಲ ನರಳಿದ್ದಳಂತೆ. ಅದು ಹೋಯಿತೆಂದು ಎಲ್ಲರೂ ತಿಳಿದಿದ್ದರು. ಅದು ಹೋಗಿರಲಿಲ್ಲ, ಎದೆಯೊಳಗೆ ಕೂತಿತ್ತು. ಅಪ್ಪ ಕನಕಪ್ಪನ ಜೊತೆ ಸಂಸಾರ ಹೂಡಿದ ಎರಡನೆಯ ವರ್ಷಕ್ಕೆ ಆಕೆಗೆ ನಾಲ್ಕು ಹೆಜ್ಜೆ ಏರು ಹತ್ತಿದರೂ ಏದುಸಿರು. ಗುಂಪಿನ ಹೆಂಗಸರು ಸಾಲು ಮುಗಿಸಿ ಆಚೆ ಬದುವಿಗೆ ಮುಟ್ಟಿದಾಗ ಅವ್ವ ನಡುಹೊಲದಲ್ಲೇ ಇರುತ್ತಿದ್ದಳು.

"ಏನ ಹನಮಸಾಗರದಾಕಿ, ಅಲ್ಲೇ ಮನಿ ಕಟ್ಟತೀಯೇನು?" ಎಂದು ಯಾರೋ ಛೇಡಿಸಿದರೆ ಬೂಬಮ್ಮ ಆಕೆಯ ಪರವಾಗಿ ನಿಲ್ಲುತ್ತಿದ್ದಳು. "ಕಟ್ಟಲಿ ಬಿಡ. ನಿನಗೇನ್ ಬಾಡಗಿ ಕೇಳ್ಯಾಳೇನು?" ಎಂದು ಅವ್ವನನ್ನು ಬದುವಿನ ಮೇಲೆ ಕೂರಿಸಿ, ಸಸಿಯ ಕಟ್ಟುಗಳನ್ನು ಬಿಚ್ಚಿ ಕೊಡುವ ಹಗುರ ಕೆಲಸಕ್ಕೆ ಹಾಕಿದಳು.

ಇಲ್ಲಿ ಆ ಗುಳಿಗೆಯ ಮಾತು ಹೇಳಬೇಕು. ಹೊತ್ತು ಏರಿದಾಗ ಹೊಲದ ಮಾಲೀಕನ ಮನೆಯಿಂದ ಚಹದ ಕಿಟ್ಲಿ ಬರುತ್ತಿತ್ತು. ಅದರ ಜೊತೆ ಕಾಗದದಲ್ಲಿ ಸುತ್ತಿದ ತಲೆನೋವಿನ ಗುಳಿಗೆಗಳೂ ಬರುತ್ತಿದ್ದವು. ಕಿರಾಣಿ ಅಂಗಡಿಯಲ್ಲಿ ಬೀಡಿ, ಬೆಂಕಿಪೆಟ್ಟಿಗೆಗಳ ಪಕ್ಕದಲ್ಲೇ ಸಿಗುವ ಬಿಳಿ ಗುಳಿಗೆ. ಅದನ್ನು ನುಂಗಿ ಚಹ ಕುಡಿದರೆ ಬಗ್ಗಿ ಬಗ್ಗಿ ಸೋತ ನಡು ಸ್ವಲ್ಪ ಹೊತ್ತು ಸುಮ್ಮನಿರುತ್ತಿತ್ತು. ಮಾಲೀಕನಿಗೆ ಕೆಲಸ ಸಾಗುತ್ತಿತ್ತು. ಯಾರೂ ಅದನ್ನು ಔಷಧವೆಂದು ಎಣಿಸಿರಲಿಲ್ಲ. ಔಷಧವೆಂದರೆ ದವಾಖಾನೆಯ ಬಾಟಲಿ, ಸೂಜಿ. ಇದು ಚಹಕ್ಕೆ ಸಕ್ಕರೆ ಇದ್ದಂತೆ. ಬೂಬಮ್ಮ ಗುಳಿಗೆಗಳನ್ನು ಎಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ತನ್ನ ಸಂಚಿಯಲ್ಲೇ ಇಟ್ಟುಕೊಳ್ಳುತ್ತಿದ್ದಳು. ಅವ್ವನ ಮೇಲೆ ಪ್ರೀತಿ ಹೆಚ್ಚು, ಹಾಗಾಗಿ ಅವ್ವನಿಗೆ ಎರಡು.

ಎಪ್ಪತ್ತಾರನೆಯ ಇಸವಿಯ ಸುಗ್ಗಿಯಲ್ಲಿ ಅವ್ವನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಗಂಗಾವತಿಯ ಡಾಕ್ಟರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿ, ಹೃದಯದ ಕವಾಟ ಕಿರಿದಾಗಿದೆ, ಆಪರೇಷನ್ ಆಗದೆ ಬೇರೆ ದಾರಿಯಿಲ್ಲ, ಬಸುರಾದರೆ ಜೀವಕ್ಕೇ ಅಪಾಯ ಎಂದು ಹೇಳಿ ಒಂದು ಮಿಷನ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಬಡವರಿಂದ ಏನೂ ತೆಗೆದುಕೊಳ್ಳುವುದಿಲ್ಲ ಎಂದರು. ಆಸ್ಪತ್ರೆ ಮಹಾರಾಷ್ಟ್ರದಲ್ಲಿತ್ತು. ಕೊಪ್ಪಳದಲ್ಲಿ ರೈಲು ಹತ್ತಿ ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಬೇಕು. ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು.

"ಅಲ್ಲಿ ಡಾಕ್ಟರು ಏನ್ ಅಂತಾರ ಅಂತ ನಿನಗ ಹೆಂಗ ತಿಳಿಯಬೇಕೋ ಕನಕಪ್ಪ?" ಎಂದು ಬೂಬಮ್ಮ ಕೇಳಿದಳು. "ನಾ ಬರ್ತೀನಿ. ನಮ್ಮ ಮನಿ ಉರ್ದು ಮಾತು ಅವರಿಗೆ ತಿಳಿತೈತಿ, ಅವರ ಮಾತು ನನಗ ತಿಳಿತೈತಿ. ನೀ ಹಾದಿಗೆ ಬುತ್ತಿ ಕಟ್ಟಸು."

"ನಿನ್ನ ಗುಂಪು, ಬೂಬಮ್ಮ?"

"ಗುಂಪು ಎಲ್ಲಿ ಓಡಿ ಹೊಕ್ಕೈತಿ? ಭತ್ತ ಬರೋ ವರ್ಷನೂ ಬೆಳಿತೈತಿ."

ಹೀಗೆ ಮೂವರೂ ಹೋದರು. ಅಪ್ಪ ಇಬ್ಬರನ್ನೂ ಅಲ್ಲಿ ಬಿಟ್ಟು, ಆಪರೇಷನ್ ದಿನ ಬರುವೆನೆಂದು ಊರಿಗೆ ಮರಳಿದ.

ಅವ್ವ ಈ ಕಥೆ ಹೇಳುವಾಗ ಆಸ್ಪತ್ರೆಯ ಎಲ್ಲರೂ ನಮ್ಮ ಹಿಟ್ನಾಳದ ಮಾತನ್ನೇ ಆಡುತ್ತಾರೆ. ನಾನೂ ಹಾಗೆಯೇ ಬರೆಯುತ್ತೇನೆ. ಶಸ್ತ್ರಕ್ರಿಯೆ ಮಾಡುವ ದೊಡ್ಡ ಡಾಕ್ಟರು ಹೃದಯದ ಬಾಗಿಲು ಬಿಗಿದಿದೆ, ಪಕ್ಕೆಯಲ್ಲಿ ಕೊಯ್ದು ಬೆರಳು ಹಾಕಿ ಅಗಲ ಮಾಡಬೇಕು ಎಂದು ಹಿಂದಿಯಲ್ಲಿ ಹೇಳಿದರಂತೆ. ಬೂಬಮ್ಮ ಅವ್ವನ ಕಡೆ ತಿರುಗಿ, "ನಿನ್ನ ಎದಿಯೊಳಗ ಕಾಲುವಿ ತೂಬು ಬಿಗದೈತಂತ. ನೀರು ಹಿಂದ ನಿಂತು ಬದು ಒಡಿಯಾಕ ಹತ್ತೈತಿ. ಇವರು ತೂಬು ಎತ್ತತಾರಂತ" ಎಂದಳು. ಅವ್ವನಿಗೆ ಅಷ್ಟು ಸಾಕಾಯಿತು. ಅದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಬಿ.ಎಸ್ಸಿ. ಓದುವಾಗಲೂ ಕೇಳಲಿಲ್ಲ.

ರಕ್ತ ಪರೀಕ್ಷೆ ಮಾಡುವ ಡಾಕ್ಟರು ಒಬ್ಬ ಹೆಣ್ಣುಮಗಳು. ಆ ಕಡೆ ಹೆಂಗಸರನ್ನು ಗೌರವದಿಂದ ಕರೆಯುವಂತೆ ಇವರೂ ಅವರನ್ನು ಬಾಯಿಯವರು ಎನ್ನುತ್ತಿದ್ದರು. ಬಾಯಿಯವರು ಮೊದಲ ದಿನವೇ ಕೇಳಿದರು: "ಈಕಿ ಮನ್ಯಾಗ ಏನರ ಔಷಧ ತಗೊಂತಾಳೇನು?"

ಬೂಬಮ್ಮ ಅವ್ವನನ್ನು ಕೇಳಲೂ ಇಲ್ಲ. "ಇಲ್ರಿ. ಔಷಧ ಅನ್ನೂದನ್ನ ಈಕಿ ಕಂಡಽ ಇಲ್ಲ" ಎಂದಳು. ಆಕೆ ಸುಳ್ಳು ಹೇಳಲಿಲ್ಲ. ಆಕೆಗೆ ತಿಳಿದಂತೆ ಅದು ನಿಜವಾಗಿತ್ತು.

ಎದೆ ಕೊಯ್ಯುವ ಮೊದಲು ರಕ್ತ ತಾನಾಗಿ ನಿಲ್ಲುತ್ತದೆಯೇ ಎಂದು ನೋಡಬೇಕಿತ್ತು. ನಿಲ್ಲದ ರಕ್ತವಾದರೆ ಆಪರೇಷನ್ ಗೆದ್ದರೂ ಆಮೇಲೆ ಎದೆಯೊಳಗೆ ಸೋರಿ ಜೀವ ಹೋಗಬಹುದು. ಬಾಯಿಯವರು ಅವ್ವನ ಕಿವಿಯ ಹಾಲೆಗೆ ಸಣ್ಣದಾಗಿ ಚುಚ್ಚಿ, ಒಸರಿದ ಹನಿಗೆ ಒಂದು ದುಂಡನೆಯ ಬಿಳಿ ಕಾಗದವನ್ನು ತಾಗಿಸಿ ತಾಗಿಸಿ ತೆಗೆಯುತ್ತ ಹೋದರು. ತಾಗಿಸಿದಲ್ಲೆಲ್ಲ ಒಂದು ಕೆಂಪು ಬೊಟ್ಟು. ಆರೋಗ್ಯವಂತರಲ್ಲಿ ಬೊಟ್ಟುಗಳು ಸಣ್ಣದಾಗುತ್ತ ಕಾಗದದ ಅಂಚಿನ ಅರ್ಧಕ್ಕೂ ಮೊದಲೇ ಮುಗಿದುಹೋಗುತ್ತವೆ. ಅವ್ವನವು ಕಾಗದದ ಸುತ್ತ ತಿರುಗಿ ಹೊರಟಲ್ಲಿಗೇ ಬಂದು ಮುಟ್ಟಿದವು.

"ಕುಂಕುಮದ ಆರತಿ ತಾಟು ಕಂಡಂಗ ಕಂಡಿತ್ತು" ಎಂದು ಅವ್ವ ಹೇಳುತ್ತಾಳೆ.

ಎರಡು ದಿನ ಬಿಟ್ಟು ಮತ್ತೆ ಮಾಡಿದರು. ಅದೇ. ತೋಳಿನಿಂದ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿಟ್ಟು ನೋಡಿದರು, ಅದು ಸರಿಯಾಗಿಯೇ ಹೆಪ್ಪುಗಟ್ಟಿತು. ಗಾಯದ ಬಾಯಿ ಮುಚ್ಚುವ ಸಣ್ಣ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು, ಬೇಕಾದಷ್ಟಿದ್ದವು. ಎಲ್ಲ ಸರಿ ಇದೆ, ಆದರೆ ರಕ್ತ ನಿಲ್ಲುವುದಿಲ್ಲ. ತವರಿನಲ್ಲಿ ಯಾರಿಗಾದರೂ ಹೀಗೆ ರಕ್ತ ಸುರಿಯುವ ರೋಗ ಇತ್ತೇ ಎಂದು ಕೇಳಿದರು. ಇರಲಿಲ್ಲ. ಬಾಯಿಯವರು ತಮ್ಮ ಸೂಜಿಯ ಮೇಲೆ ಅನುಮಾನಪಟ್ಟು ತಮ್ಮ ಕಿವಿಯನ್ನೇ ಚುಚ್ಚಿಕೊಂಡು ನೋಡಿದರು. ಅವರದು ಬೇಗ ನಿಂತಿತು.

ಇದೆಲ್ಲ ನಡೆಯುತ್ತಿದ್ದ ದಿನಗಳಲ್ಲಿ ಬೂಬಮ್ಮ ಆಸ್ಪತ್ರೆಯ ಹಿಂದಿನ ಬೇವಿನ ಗಿಡದ ಕೆಳಗೆ, ರೋಗಿಗಳ ಕಡೆಯವರು ಅಡಿಗೆ ಮಾಡುವ ಜಾಗದಲ್ಲಿ, ಮೂರು ಕಲ್ಲು ಹೂಡಿ ಮುಂಜಾನೆ ಚಹ ಕಾಯಿಸುತ್ತಿದ್ದಳು. ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ವಾರ್ಡಿಗೆ ತಂದು, ಸಂಚಿ ಬಿಚ್ಚಿ, ಅವ್ವನ ಅಂಗೈಯಲ್ಲಿ ಎರಡು ಗುಳಿಗೆ ಇಟ್ಟು, ತಾನೂ ಒಂದು ಬಾಯಿಗೆ ಹಾಕಿಕೊಂಡು, ಇಬ್ಬರೂ ಬಸಿಯಲ್ಲಿ ಸುರುವಿಕೊಂಡು ಕುಡಿಯುತ್ತಿದ್ದರು. ಪರ ಊರಿನಲ್ಲಿ ಅವ್ವನಿಗೆ ಮನೆಯ ನೆನಪಾಗಿ ಅಳು ಬಾರದಿರಲಿ ಎಂದು ಆಕೆ ಮಾಡುತ್ತಿದ್ದ ಉಪಚಾರ ಅದು. ನರ್ಸುಗಳು ನೋಡಿದರೂ ಅವರಿಗೆ ಕಂಡದ್ದು ಚಹ ಮತ್ತು ಎಲೆಯಡಿಕೆಯ ಸಂಚಿ ಮಾತ್ರ.

ಕೊನೆಗೆ ದೊಡ್ಡ ಡಾಕ್ಟರು ತೀರ್ಮಾನ ಹೇಳಿ ಕಳಿಸಿದರು. ಕಾರಣ ತಿಳಿಯದೆ ಕೊಯ್ಯುವುದಿಲ್ಲ. ಮನೆಗೆ ಕರೆದುಕೊಂಡು ಹೋಗಿರಿ, ಉಸಿರಿಗೆ ಗುಳಿಗೆ ಬರೆದುಕೊಡುತ್ತೇವೆ.

ಮನೆಗೆ ಹೋಗುವುದೆಂದರೆ ಏನೆಂದು ಅವ್ವನಿಗೆ ಗೊತ್ತಿತ್ತು. ಸೀರೆಗಳನ್ನು ಮಡಚಿ ಗಂಟು ಕಟ್ಟತೊಡಗಿದಳು. ಬೂಬಮ್ಮ ಆ ಗಂಟನ್ನು ಕಸಿದು ಮಂಚದ ಮೇಲಿಟ್ಟು ನೆಟ್ಟಗೆ ಬಾಯಿಯವರ ಕೋಣೆಗೆ ನಡೆದಳು. ಅವ್ವ ಗೋಡೆ ಹಿಡಿದುಕೊಂಡು ಹಿಂದೆ ಹೋದಳು.

"ಬಾಯಿಯವರ, ನೀವು ಆಕಿ ಕಿವಿ ನೋಡಿ ಗಾಬರಿ ಆಗೀರಿ," ಎಂದಳು ಬೂಬಮ್ಮ. "ನಾವು ನೀರಾಗ ನಿಂತು ದುಡಿಯೋ ಮಂದಿ. ನಮ್ಮ ರಕ್ತ ತೆಳ್ಳಗಽ ಇರತೈತಿ. ನನ್ನ ಗುಂಪಿನಾಗ ಯಾರಿಗೆ ಕುಡಗೋಲು ತಾಗಿದ್ರೂ ಭಾಳ ಹೊತ್ತು ಸುರಿತೈತಿ, ಆಮ್ಯಾಲ ನಿಲ್ಲತೈತಿ. ಯಾರೂ ಸತ್ತಿಲ್ಲ."

"ನೀರಾಗ ನಿಂತ್ರ ರಕ್ತ ತೆಳ್ಳಗ ಆಗಂಗಿಲ್ಲವ್ವ" ಎಂದರು ಬಾಯಿಯವರು.

"ಆಗತೈತ್ರಿ. ನನ್ನ ಕಿವಿನೂ ಚುಚ್ಚಿ ನೋಡ್ರಿ. ನಾ ಎತ್ತಿನಂಗ ಅದೀನಿ, ನನಗೇನ್ ರೋಗ ಐತಿ? ನಂದೂ ಸುರದ್ರ ಆಕಿದು ರೋಗ ಅಲ್ಲ, ನಮ್ಮ ಹೊಲದ ಗುಣ ಅಂತ ತಿಳೀರಿ. ಆಕಿ ಆಪರೇಷನ್ ಮಾಡ್ರಿ."

ಬಾಯಿಯವರು ಬೇಡವೆನ್ನಬಹುದಿತ್ತು. ಹೊರಗೆ ಕಾದಿದ್ದವರು ಇನ್ನೂ ಬಹಳ ಮಂದಿ. ಆದರೆ ಆಕೆ ಸ್ಟೂಲಿನ ಮೇಲೆ ಕೂತು, ತಲೆಯ ಮೇಲಿನ ಸೆರಗು ಸರಿಸಿ, ಬೆಳ್ಳಿಯ ಬುಗುಡಿ ಬಿಚ್ಚಿ ಮೇಜಿನ ಮೇಲಿಟ್ಟೇಬಿಟ್ಟಿದ್ದಳು. ಅವರು ನಕ್ಕು ಸೂಜಿ ತೆಗೆದುಕೊಂಡರು.

ಮೊದಲ ಕೆಲವು ಬೊಟ್ಟುಗಳವರೆಗೆ ನಗು ಇತ್ತು. ಆಮೇಲೆ ಅವರು ಕಾಗದದ ಮೇಲೆ ಬಗ್ಗಿದರು. ಬೊಟ್ಟುಗಳು ಅಂಚಿನ ಅರ್ಧ ದಾಟಿದವು, ಮುಕ್ಕಾಲು ದಾಟಿದವು.

"ಹೇಳಿದ್ನಿಲ್ರಿ?" ಎಂದಳು ಬೂಬಮ್ಮ, ಗೆದ್ದವಳಂತೆ.

ಬಾಯಿಯವರು ಕಾಗದವನ್ನು ಹಿಡಿದುಕೊಂಡು ಒಮ್ಮೆ ಈಕೆಯನ್ನು, ಒಮ್ಮೆ ಅವ್ವನನ್ನು ನೋಡಿದರು. "ನೀವಿಬ್ಬರೂ ಸಂಬಂಧಿಕರೇನು?"

"ಆಕಿ ಯಮನೂರವ್ವ, ನಾ ಮೆಹಬೂಬಬೀ. ಹೆಸರು ಕೇಳಿದ್ರ ತಿಳಿಯಂಗಿಲ್ಲೇನ್ರಿ?"

"ಹಂಗಾದ್ರ ಇಬ್ಬರೂ ಕೂಡಿ ಏನ್ ತಿಂತೀರಿ? ಇಲ್ಲಿ ಬಂದ ಮ್ಯಾಲ ಏನ್ ತಿಂದೀರಿ? ಎಲ್ಲಾ ಹೇಳು."

ಬೂಬಮ್ಮ ಹೇಳಿದಳು. ಜೋಳದ ರೊಟ್ಟಿ, ಅದು ಮುಗಿದ ಮೇಲೆ ಆಸ್ಪತ್ರೆಯ ಅನ್ನ. ಶೇಂಗಾ ಹಿಂಡಿ. ಪುಂಡಿಪಲ್ಯ ಸಿಗಲಿಲ್ಲ. ಎಲೆಯಡಿಕೆ ತನಗೆ ಮಾತ್ರ, ಅವ್ವನಿಗೆ ಇಲ್ಲ.

"ಮುಂಜಾನೆ?"

"ಮುಂಜಾನೆ ಚಾ."

"ಬರೇ ಚಾ?"

"ಚಾ ಕುಡಿಯೋದು ಹೆಂಗರಿ, ಎಲ್ಲಾರೂ ಕುಡದಂಗ. ಚಾ, ಗುಳಗಿ."

ಬಾಯಿಯವರು ಬಹಳ ಮೆಲ್ಲಗೆ, "ಯಾವ ಗುಳಗಿ?" ಎಂದರು. ಬೂಬಮ್ಮ ಸಂಚಿ ಬಿಚ್ಚಿ, ಸುಣ್ಣ ಹತ್ತಿದ ಒಂದು ಗುಳಿಗೆಯನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. "ನಿಮಗೂ ತಲಿ ನೋಯತೈತೇನ್ರಿ? ತಗೋರಿ."

ಬಾಯಿಯವರು ತಲೆಯ ಮೇಲೆ ಕೈ ಇಟ್ಟುಕೊಂಡು ನಕ್ಕರಂತೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ದೊಡ್ಡ ಡಾಕ್ಟರನ್ನು ಕರೆಯಲು ತಾವೇ ಎದ್ದು ಓಡಿದರಂತೆ.

ಆ ಗುಳಿಗೆಯಲ್ಲಿದ್ದದ್ದು ಆಸ್ಪಿರಿನ್. ಗಾಯದ ಬಾಯಿಗೆ ಓಡಿ ಬಂದು ಒಂದಕ್ಕೊಂದು ಅಂಟಿಕೊಳ್ಳುವ ಕಣಗಳನ್ನು ಅದು ಅಂಟದಂತೆ ಮಾಡುತ್ತದೆ. ಕಣಗಳ ಲೆಕ್ಕ ಸರಿಯಿರುತ್ತದೆ, ಕೆಲಸ ಮಾತ್ರ ನಿಂತಿರುತ್ತದೆ. ಗುಳಿಗೆ ಬಿಟ್ಟರೆ ದೇಹ ಹೊಸ ಕಣಗಳನ್ನು ಹುಟ್ಟಿಸುತ್ತದೆ, ಒಂದು ವಾರ ಹತ್ತು ದಿನದಲ್ಲಿ ರಕ್ತ ಮೊದಲಿನಂತಾಗುತ್ತದೆ. ಬಾಯಿಯವರು ಇದನ್ನು ಬೂಬಮ್ಮನಿಗೆ ಬಿಡಿಸಿ ಹೇಳಿದರು. ಹಾಗೆಯೇ ಕೊಯ್ದಿದ್ದರೆ ಏನಾಗಬಹುದಿತ್ತು ಎಂಬುದನ್ನೂ ಮರೆಮಾಚಲಿಲ್ಲ.

ಬೂಬಮ್ಮ ಆ ದಿನವೆಲ್ಲ ಒಲೆ ಹೂಡಲಿಲ್ಲ. ಬೇವಿನ ಗಿಡದ ಕೆಳಗೆ ಮುಸುಕು ಹಾಕಿಕೊಂಡು ಕೂತಳು. ಅವ್ವ ಉಸಿರು ಹಿಡಿದುಕೊಂಡು ಅಲ್ಲಿಗೆ ನಡೆದು ಹೋದಳು.

"ನಾನಽ ನಿನಗ ವಿಷ ಹಾಕಿದ್ನೆಲ್ಲ ಯಮನೂರಿ."

"ವಿಷ ಹಾಕಿದಾಕಿ ಹೋಗಿ ತನ್ನ ಕಿವಿ ಚುಚ್ಚಿಸಿಕೊಂತಾಳೇನು?" ಎಂದಳು ಅವ್ವ. "ನೀ ಜಗಳಾಡದಿದ್ರ ನಾ ಇಷ್ಟೊತ್ತಿಗೆ ರೈಲಿನಾಗ ಇರತಿದ್ದೆ. ಏಳು, ಚಾ ಮಾಡು. ಬರೇ ಚಾ."

ಗುಳಿಗೆ ಬಿಟ್ಟ ಮೊದಲ ದಿನಗಳು ಇಬ್ಬರಿಗೂ ಕಠಿಣವಾದವು. ಬೂಬಮ್ಮನಿಗೆ ತಲೆ ಸಿಡಿಯುತ್ತಿತ್ತು, ಅವ್ವನಿಗೆ ಮೊಣಕಾಲು. ಬೂಬಮ್ಮ ತಲೆಗೆ ಬಿಗಿಯಾಗಿ ಅರಿವೆ ಕಟ್ಟಿಕೊಂಡು ತಿರುಗಿದಳು. ನೀನು ರೋಗಿಯಲ್ಲ, ನೀನು ನುಂಗಬಹುದು ಎಂದು ನರ್ಸು ಹೇಳಿದರೂ ಕೇಳಲಿಲ್ಲ. ಹತ್ತು ದಿನದ ಮೇಲೆ ಬಾಯಿಯವರು ಮತ್ತೆ ಪರೀಕ್ಷೆ ಮಾಡಲು ಬಂದಾಗ ತನ್ನದೂ ಆಗಬೇಕೆಂದು ಹಟ ಹಿಡಿದಳು. "ಮೊದಲು ನಂದು ನೋಡ್ರಿ. ನಂದು ನಿಂತ್ರ ಆಕಿಗೆ ಧೈರ್ಯ ಬರತೈತಿ." ಆಕೆಯದು ಅರ್ಧ ಅಂಚು ಮುಟ್ಟುವಷ್ಟರಲ್ಲಿ ನಿಂತಿತು. ಅವ್ವನದು ಅದಕ್ಕಿಂತ ಮೊದಲೇ ನಿಂತಿತು. "ನೋಡು, ಎರಡು ನುಂಗಿದಾಕಿ ನನಗಿಂತ ಮುಂದ ಹೋದಳು" ಎಂದು ಬೂಬಮ್ಮ ದೂರಿದಳು.

ಆಪರೇಷನ್ ಬೆಳಿಗ್ಗೆ ಆಯಿತು. ಅಪ್ಪ ಊರಿನಿಂದ ಬಂದು ಹೊರಗೆ ಕೂತಿದ್ದ. ಅವ್ವನ ಎಡಪಕ್ಕೆಯಿಂದ ಒಂದು ರಬ್ಬರ್ ನಳಿಗೆ ಹೊರಬಂದು ಮಂಚದ ಕೆಳಗಿನ ಗಾಜಿನ ಬಾಟಲಿಯಲ್ಲಿ ಇಳಿದಿತ್ತು. ಎದೆಯೊಳಗೆ ಸೋರಿದ ರಕ್ತ ಅದಕ್ಕೆ ಬರುತ್ತದೆ, ಅದು ತುಂಬುತ್ತ ಹೋದರೆ ಮತ್ತೆ ಕೊಯ್ಯಬೇಕಾಗುತ್ತದೆ ಎಂದು ಬಾಯಿಯವರು ಮೊದಲೇ ಹೇಳಿದ್ದರು. ಒಳಗೆ ಬಿಡುತ್ತಿರಲಿಲ್ಲ. ಬೂಬಮ್ಮ ಬಾಗಿಲ ಗಾಜಿಗೆ ಮುಖ ಒತ್ತಿ ನಿಂತಳು. ಅವ್ವನ ಮುಖ ಆಕೆಗೆ ಕಾಣುತ್ತಿರಲಿಲ್ಲ, ಬಾಟಲಿ ಮಾತ್ರ ಕಾಣುತ್ತಿತ್ತು. ಅಪ್ಪ ಬಂದು ಬಂದು ಕೇಳುತ್ತಿದ್ದ.

"ಹೆಂಗದಾಳ?"

"ಸುಮ್ಮಿರಪಾ. ನಾ ನೋಡಾಕ ಹತ್ತೀನಿ."

ಮೊದಲು ಸ್ವಲ್ಪ ಬಂತು. ಆಮೇಲೆ ಹನಿ ಹನಿಯಾಯಿತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಬಾಟಲಿಯ ಮೇಲೆ ಬಿದ್ದಾಗ ಒಳಗಿನ ಕೆಂಪು ಗೆರೆ ಎಲ್ಲಿತ್ತೋ ಅಲ್ಲೇ ಇತ್ತು. ಬಾಯಿಯವರು ಬಂದು ಬಗ್ಗಿ ನೋಡಿ, ಬಾಗಿಲ ಗಾಜಿನ ಕಡೆ ತಿರುಗಿ, ತಮ್ಮ ಕಿವಿಯ ಹಾಲೆಯನ್ನು ಎರಡು ಬೆರಳಿನಿಂದ ಹಿಡಿದು ತೋರಿಸಿ ತಲೆಯಾಡಿಸಿದರು. ನಿಂತಿದೆ ಎಂದು. ಬೂಬಮ್ಮ ಅಪ್ಪನ ಬೆನ್ನಿಗೆ ಎಷ್ಟು ಜೋರಾಗಿ ಹೊಡೆದಳೆಂದರೆ ಆತ ಎರಡು ಹೆಜ್ಜೆ ಮುಂದೆ ಹೋದನಂತೆ.

ಊರಿಗೆ ಬಂದ ಮೇಲೆ ಅವ್ವ ಹುಲಿಗಿಗೆ ನಡೆದೇ ಹೋಗಿ ಅಲ್ಲಿನ ದೇವಿಗೆ ಕಾಯಿ ಒಡೆಸಿದಳು. ಈಗಲೂ ಹೋದಾಗಲೆಲ್ಲ ಎರಡು ಕಾಯಿ. ಒಂದು ಮನೆಯದು, ಒಂದು ಬಾಯಿಯವರದು. ಅವರ ಹೆಸರನ್ನು ಉಚ್ಚರಿಸಲು ಅವ್ವನಿಗೆ ಬರುವುದಿಲ್ಲ. ಪೂಜಾರಿ ಹೆಸರು ಕೇಳಿದರೆ, "ಆಕಿಗೆ ಗೊತ್ತೈತಿ, ಒಡೀರಿ" ಎಂದು ದೇವಿಯ ಕಡೆ ಕೈ ತೋರಿಸುತ್ತಾಳೆ.

ಬೂಬಮ್ಮ ಮರುವರ್ಷ ಗುಂಪು ಕಟ್ಟಿಕೊಂಡು ಹೊಲಕ್ಕಿಳಿದಾಗ ಕಿಟ್ಲಿಯ ಜೊತೆ ಬಂದ ಕಾಗದದ ಸುತ್ತನ್ನು ಹಿಂದಕ್ಕೆ ಕಳಿಸಿದಳು.

"ಏನು ಮೇಸ್ತ್ರಿ, ನಿನ್ನ ಮಂದಿಗೆ ನಡು ನೋವು ಹೋತೇನು?" ಎಂದು ಕ್ಯಾಂಪಿನ ರೈತ ಕೇಳಿದ.

"ಹೋಗಿಲ್ರಿ ಸಾವುಕಾರ್ರ. ಗುಳಗಿ ಬ್ಯಾಡ, ಕುಂದ್ರಾಕ ಚೂರು ಹೊತ್ತು ಕೊಡ್ರಿ."

ಕೆಲವರು ಕೊಟ್ಟರು, ಕೆಲವರು ಗುಂಪನ್ನೇ ಬದಲಿಸಿದರು. ಹೆಂಗಸರೂ ಎಲ್ಲರೂ ಒಪ್ಪಲಿಲ್ಲ. ಮುದಕಮ್ಮ ಎಂಬಾಕೆ, "ನಮ್ಮ ಎದಿಯೊಳಗ ಯಾವ ತೂಬೂ ಬಿಗದಿಲ್ಲ" ಎಂದು ಬೇರೆ ಗುಂಪು ಸೇರಿದಳು. ಬೂಬಮ್ಮನಿಗೆ ಅವರ ಮೇಲೆ ಸಿಟ್ಟಿರಲಿಲ್ಲ. ನಡು ನೋವು ಎಂದರೇನೆಂದು ಆಕೆಗೆ ಯಾರೂ ಕಲಿಸಬೇಕಿರಲಿಲ್ಲ. ಆಕೆ ಒಂದನ್ನು ಮಾತ್ರ ಬಿಡಲಿಲ್ಲ. ಊರಿನಲ್ಲಿ ಯಾರಿಗೆ ಹೆರಿಗೆ ಹತ್ತಿರವಾದರೂ, ಯಾರು ಹಲ್ಲು ಕೀಳಿಸಲು ಹೊರಟರೂ, ಯಾರನ್ನು ಆಪರೇಷನ್‌ಗೆ ಬರಹೇಳಿದ್ದರೂ, ಕರೆಯದೆಯೇ ಅವರ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಗುಳಗಿ ನುಂಗತೀಯೇನು? ನುಂಗಿದ್ರ ಅಲ್ಲಿ ಹೇಳು. ಔಷಧ ಅಲ್ಲ ಅಂತ ಸುಮ್ಮನಿರಬ್ಯಾಡ." ಮುದಕಮ್ಮನ ಸೊಸೆಯ ಹೆರಿಗೆಗೂ ಹೋಗಿ ಕೇಳಿ ಬಂದಳು.

ಎಂಬತ್ತೆಂಟರಲ್ಲಿ ಬೂಬಮ್ಮ ತೀರಿಕೊಂಡಾಗ ಅವ್ವ ಆಕೆಯ ಮಗಳು ರಾಜಾಬೀಯ ಮನೆಯಲ್ಲಿ ಮೂರು ದಿನ ಉಳಿದು ಬಂದವರಿಗೆಲ್ಲ ಚಹ ಮಾಡಿಕೊಟ್ಟಳು. ರಾಜಾಬೀ ಬೂಬಮ್ಮನ ಒಂದು ಜೊತೆ ಬುಗುಡಿಯನ್ನು ಅವ್ವನಿಗೆ ಕೊಟ್ಟಳು. ಅವ್ವ ಅವನ್ನು ಇಟ್ಟುಕೊಂಡಿದ್ದಾಳೆ, ಹಾಕಿಕೊಳ್ಳುವುದಿಲ್ಲ.

ನಾನು ಹುಟ್ಟಿದ್ದು ಎಪ್ಪತ್ತೊಂಬತ್ತರಲ್ಲಿ, ಗಂಗಾವತಿಯಲ್ಲಿ. ಹೃದಯದ ಆಪರೇಷನ್ ಆದವಳ ಹೆರಿಗೆಯೆಂದು ಹೆರಿಗೆ ಆಸ್ಪತ್ರೆಯ ಡಾಕ್ಟರು ಹಾಗೂ ನರ್ಸಮ್ಮ ಮೊದಲೇ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುತ್ತಿದ್ದರು. ಅವ್ವ ನೋವಿನಲ್ಲಿದ್ದಳು. "ಈಕೆ ಏನಾದರೂ ಔಷಧ ತೆಗೆದುಕೊಳ್ಳುತ್ತಾಳೆಯೇ?" ಎಂದು ಡಾಕ್ಟರು ಕೇಳಿದ್ದೇ ತಡ, ಬಾಗಿಲಲ್ಲಿದ್ದ ಬೂಬಮ್ಮ ಒಳಗೆ ಬಂದಳು. ಮೊದಲು ಅವ್ವನ ಎದೆ ನೋಡಿದ್ದ ಡಾಕ್ಟರು ಕೀಲಿನ ಜ್ವರ ಮರಳದಿರಲೆಂದು ತಿಂಗಳಿಗೊಮ್ಮೆ ಕೊಡುತ್ತಿದ್ದ ಸೂಜಿಯನ್ನು ಹೇಳಿದಳು. ಮೈಯಲ್ಲಿ ರಕ್ತ ಹೆಚ್ಚಲೆಂದು ಕೊಟ್ಟಿದ್ದ ಕಂದು ಗುಳಿಗೆಯನ್ನು ಹೇಳಿದಳು. ಹೋದ ವಾರ ಕೆಮ್ಮಿಗೆ ಕುಡಿಸಿದ ಶುಂಠಿ ಕಷಾಯವನ್ನು ಹೇಳಿದಳು. ಬಾಣಂತನಕ್ಕೆಂದು ತಂದಿಟ್ಟಿದ್ದ ಅಂಟಿನುಂಡೆಯನ್ನು ಅವ್ವ ಕದ್ದು ಅರ್ಧ ತಿಂದದ್ದನ್ನೂ ಹೇಳಿದಳು.

"ಸಾಕು ಸಾಕು ಬೂಬಮ್ಮ" ಎಂದರು ಡಾಕ್ಟರು.

"ಇನ್ನೊಂದೈತ್ರಿ. ಮುಂಜಾನೆ ಚಾ ಕುಡದಾಳ," ಎಂದಳು ಬೂಬಮ್ಮ. "ಬರೇ ಚಾ."